ಮರಳಿಗೆ ಮುಗಿದ ಕೈ

ಲಿಬಾನನ ಮೂರನೆಯ ಫೋಟೋ ಬಂದ ದಿನ ನಮ್ಮಪ್ಪ ಮುದ್ದೆ ಮುಟ್ಟಲಿಲ್ಲ. ನಮ್ಮಪ್ಪ ಕೋನಪ್ಪನನ್ನು ಬಲ್ಲವರಿಗೆ ಇದು ಎಂಥ ಮಾತೆಂದು ಗೊತ್ತು. ನಮ್ಮಮ್ಮನನ್ನು ಮಣ್ಣು ಮಾಡಿ ಬಂದ ಸಂಜೆಯೂ ಪಕ್ಕದ ಮನೆಯವರು ಕೊಟ್ಟ ಮುದ್ದೆಯನ್ನು ಸದ್ದಿಲ್ಲದೆ ಮುರಿದು ನುಂಗಿದ ಮನುಷ್ಯ ಅವನು. ಹೊಟ್ಟೆಗೂ ದುಃಖಕ್ಕೂ ಸಂಬಂಧವಿಲ್ಲ ಎಂಬುದು ಅವನ ಸಿದ್ಧಾಂತ. ಅಂಥವನು ಅವತ್ತು ತಟ್ಟೆಯನ್ನು ಪಕ್ಕಕ್ಕೆ ತಳ್ಳಿ, ಫೋಟೋವನ್ನು ಬೋರಲು ಹಾಕಿ, ಅದರ ಮೇಲೆ ತನ್ನ ಗಾರೆ ಕೆಲಸದ ಕರಣೆಯನ್ನು ಇಟ್ಟ. ಗಾಳಿಯೇನೂ ಬೀಸುತ್ತಿರಲಿಲ್ಲ.

ನಾನು ಕರಣೆ ಸರಿಸಿ ಫೋಟೋ ನೋಡಿದೆ. ಶಿಡ್ಲಘಟ್ಟದಲ್ಲಿ ಫೋನ್ ಅಂಗಡಿ ಇಟ್ಟಿರುವ ಚಲಪತಿ ತನ್ನ ಕಂಪ್ಯೂಟರಿನಿಂದ ಕಾಗದಕ್ಕೆ ಇಳಿಸಿಕೊಟ್ಟಿದ್ದ ಫೋಟೋ. ಲಿಬಾನ್ ತನ್ನ ಊರಿನಲ್ಲಿ ಕಟ್ಟಿಸುತ್ತಿದ್ದ ಶಾಲೆಯ ಗುಮ್ಮಟ, ಒಳಗಿನಿಂದ ತೆಗೆದದ್ದು. ಕೆಳಗೆ ಹತ್ತು ಹನ್ನೆರಡು ಹೆಂಗಸರು, ತಲೆ ಮೇಲೆ ಬಣ್ಣಬಣ್ಣದ ಮುಸುಕು, ಕೈಯಲ್ಲಿ ಕರಣೆ. ಮೇಲೆ ಸೂರಿನ ತುಂಬ ಚಾಪೆಯ ಹೆಣಿಗೆ ಅಚ್ಚೊತ್ತಿದೆ. ಆ ಹೆಣಿಗೆಯ ಗೆರೆಗಳ ಮೇಲೆ ಬೂಷ್ಟು ಹಿಡಿದ ಹಾಗೆ ಬೆಳ್ಳಗೆ ಏನೋ ಅರಳಿತ್ತು.

ಫೋಟೋದ ಜೊತೆ ಲಿಬಾನ್ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದ ಕನ್ನಡವನ್ನು ಚಲಪತಿ ಓದಿ ಹೇಳಿದ್ದ. "ಮುನಿಯಕ್ಕ, ನೋಡಿ, ನಾವು ಸುಣ್ಣ ಬಳಿಯೋ ಮೊದಲೇ ಗೋಡೆ ತಾನೇ ಬೆಳ್ಳಗೆ ಆಗ್ತಾ ಐತೆ. ನಮ್ಮಮ್ಮ ಇದು ಒಳ್ಳೇದು ಅಂತಾರೆ. ಒಳಗಿನ ಆಸರೆ ಬಿದಿರೆಲ್ಲ ಬಿಚ್ಚಿದ್ವಿ. ಇಪ್ಪತ್ತೊಂಬತ್ತನೇ ತಾರೀಕು ಮಕ್ಕಳು ಒಳಗೆ ಬರ್ತಾರೆ. ಎಪ್ಪತ್ತು ಹೆಣ್ಣುಮಕ್ಕಳು. ತಾತನಿಗೆ ಹೇಳಿ."

"ಏನಪ್ಪ ಅದು ಬೆಳ್ಳಗೆ?" ಎಂದು ಕೇಳಿದೆ.

"ಸುಣ್ಣದ ಗೋಡೆ ಬೆಳ್ಳಗಿರ್ದೆ ಕರ್ರಗಿರ್ತದಾ?" ಎಂದು ಎದ್ದು ಹೊರಗೆ ಹೋದ. ತಟ್ಟೆಯ ಮುದ್ದೆ ಹಾಗೇ ತಣ್ಣಗಾಯಿತು.

ಲಿಬಾನ್ ಸೊಮಾಲಿಯಾ ದೇಶದ ಹುಡುಗ. ಬೆಂಗಳೂರಿನಲ್ಲಿ ಮನೆ ಕಟ್ಟುವ ಓದು ಓದುತ್ತಿದ್ದ. 2004ರ ಬೇಸಿಗೆಯಲ್ಲಿ ಅವರ ಮೇಷ್ಟರು ಹುಡುಗರನ್ನು ವ್ಯಾನಿನಲ್ಲಿ ತುಂಬಿಕೊಂಡು ನಮ್ಮ ಸಾದಲಿಗೆ ಬಂದರು. ನೋಡಲು ಬಂದದ್ದು ಆವಲಪ್ಪನವರ ತೋಟದಲ್ಲಿ ನಮ್ಮಪ್ಪ ಮೂವತ್ತು ವರ್ಷದ ಹಿಂದೆ ಕಟ್ಟಿದ ಹುಳುಮನೆ. ರೇಷ್ಮೆ ಹುಳುವಿಗೆ ಸೆಕೆ ಆಗುವುದಿಲ್ಲ, ಹುಳ ಸತ್ತರೆ ಮನೆ ಮಂದಿಯೆಲ್ಲ ತಲೆ ಮೇಲೆ ಕೈ ಹೊತ್ತು ಕೂರಬೇಕು. ಅದಕ್ಕೇ ಇಟ್ಟಿಗೆ, ಸುಣ್ಣದ ಗಾರೆ ಬಿಟ್ಟು ಬೇರೇನೂ ಇಲ್ಲದೆ, ಕಬ್ಬಿಣ ಸಿಮೆಂಟು ಸೋಕಿಸದೆ ಕಮಾನು ಸೂರಿನ ಮನೆ ಕಟ್ಟಿದ್ದ. ಏಪ್ರಿಲ್ ಬಿಸಿಲಲ್ಲೂ ಒಳಗೆ ಹೋದರೆ ತಣ್ಣಗಿರುತ್ತದೆ. ಮಿಕ್ಕ ಹುಡುಗರು ಫೋಟೋ ಹೊಡೆದು, ಎಳನೀರು ಕುಡಿದು ವ್ಯಾನ್ ಹತ್ತಿದರು. ಈ ಉದ್ದನೆಯ ಕಪ್ಪು ಹುಡುಗ ಮಾತ್ರ ಗೋಡೆಗೆ ಅಂಗೈ ಒತ್ತಿದವನು ತೆಗೆಯಲೇ ಇಲ್ಲ. ಮುಂದಿನ ಭಾನುವಾರ ಒಬ್ಬನೇ ಬಸ್ಸಿನಿಂದ ಇಳಿದ.

ಊರೆಲ್ಲ ನೋಡಲು ಬಂತು. "ನಿಮ್ಮೂರಾಗೆ ಸಿಂಹ ಐತಾ?" ಎಂದು ಯಾರೋ ಕೇಳಿದರು. ಎರಡು ತಿಂಗಳಲ್ಲಿ ಕನ್ನಡ ಹಿಡಿದುಕೊಂಡ ಮೇಲೆ ಅವನೇ ಅದಕ್ಕೆ ಉತ್ತರ ಕೊಟ್ಟ. "ಸಿಂಹ ಕಮ್ಮಿ, ಬಂದೂಕು ಜಾಸ್ತಿ."

ಅವನ ಊರು ಮರ್ಕಾ, ಸಮುದ್ರದ ದಂಡೆಯಲ್ಲಿದೆಯಂತೆ. ಹಳೆಯ ಸುಣ್ಣದ ಮನೆಗಳ ಊರು. ಅವನಿಗೆ ಏಳು ವರ್ಷವಿದ್ದಾಗ ಅಲ್ಲಿ ಸರ್ಕಾರ ಬಿದ್ದು, ತಮ್ಮತಮ್ಮವರೇ ಹೊಡೆದಾಡಿಕೊಳ್ಳಲು ಶುರುಮಾಡಿದರು. ಗುಂಡು ಬಿದ್ದು ಮನೆಗಳು ಉರುಳಿದವು. ಗಾರೆ ಕೆಲಸದವರು ಕೆಲವರು ಸತ್ತರು, ಮಿಕ್ಕವರು ದೋಣಿ ಹತ್ತಿ ಪರದೇಶಕ್ಕೆ ಹೋದರು. "ಈಗ ದುಡ್ಡಿರೋರು ತಗಡು ತಂದು ಹೊದಿಸ್ತಾರೆ ತಾತ. ಒಳಗೆ ಕೂತರೆ ಬೇಯ್ತೀವಿ. ಅದು ನಮ್ಮ ಮನೆ ಅಲ್ಲ" ಎಂದಿದ್ದ. ಅವನ ಮನಸ್ಸಿನಲ್ಲಿದ್ದದ್ದು ಅವನ ಅಜ್ಜಿಯ ಮನೆ. ಒಂಟೆ ಮೇಯಿಸುವ ಅವರ ಜನ ಉದ್ದನೆಯ ಬೇರು, ಕೊಂಬೆಗಳನ್ನು ಬಗ್ಗಿಸಿ ನೆಟ್ಟು, ಮೇಲೆ ಹುಲ್ಲಿನ ಚಾಪೆ ಹೊದಿಸಿ ಗುಂಡನೆಯ ಮನೆ ಮಾಡಿಕೊಳ್ಳುತ್ತಾರೆ. ಕಟ್ಟುವವರು ಹೆಂಗಸರು. ಹುಡುಗಿಗೆ ಮದುವೆ ಎಂದರೆ ಅವಳ ತಾಯಿ, ಚಿಕ್ಕಮ್ಮಂದಿರೆಲ್ಲ ಸೇರಿ ಅವಳಿಗೊಂದು ಮನೆ ಕಟ್ಟುತ್ತಾರೆ, ಆ ಮನೆ ಕೊನೆಯವರೆಗೆ ಅವಳದೇ. ನಾವು ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಎರಡು ಕಷ್ಟ ಹೇಳುತ್ತೇವೆ. ಅವರಲ್ಲಿ ಎರಡೂ ಒಂದೇ ದಿನ ಮುಗಿಯುತ್ತವೆ.

ಅದೇ ಗುಂಡನೆಯ ಮನೆಯನ್ನು ಇಟ್ಟಿಗೆ, ಸುಣ್ಣದಲ್ಲಿ ಕಟ್ಟಬೇಕು, ಹೆಂಗಸರೇ ಕಟ್ಟಬೇಕು, ಅದು ಹೆಣ್ಣುಮಕ್ಕಳ ಶಾಲೆಯಾಗಬೇಕು ಎಂಬುದು ಅವನ ಹಟ. "ಹೆಂಗಸರು ಕಟ್ಟಿದ ಮನೆ ಒಳಗೆ ಗಂಡಸು ಬಂದೂಕು ಹಿಡ್ಕೊಂಡು ಬರಕ್ಕೆ ನಾಚ್ಕೊಂತಾನೆ" ಎಂದಿದ್ದ. ಇದು ನಿಜವೋ ಅವನ ಆಸೆಯೋ ನನಗೆ ಗೊತ್ತಿಲ್ಲ.

ನಮ್ಮಪ್ಪ ಮೊದಲು ಒಪ್ಪಲಿಲ್ಲ. "ಹೆಂಗಸು ಕರಣೆ ಹಿಡಿದ್ರೆ ಗೋಡೆ ನಿಲ್ತದಾ? ಏಮಿ ಮಾತಪ್ಪ ಇದು!" ಎಂದ.

"ನನಗೆ ಬೇಡ ತಾತ. ಮುನಿಯಕ್ಕನಿಗೆ ಕಲಿಸಿ. ನಾನು ನೋಡ್ಕೊಂತೀನಿ" ಎಂದ ಲಿಬಾನ್.

ಆ ಮುನಿಯಕ್ಕ, ಮುನಿಲಕ್ಷ್ಮಿ, ನಾನು. ಹದಿನಾರು ವರ್ಷ ನಮ್ಮಪ್ಪನ ಹಿಂದೆ ಬಾಂಡ್ಲಿ ಹೊತ್ತವಳು. ಗಾರೆ ರುಬ್ಬಿದ್ದೇನೆ, ಇಟ್ಟಿಗೆ ನೆನೆಸಿದ್ದೇನೆ, ಗೋಡೆಯ ಸೊಟ್ಟ ಅವನಿಗಿಂತ ಮೊದಲು ಕಂಡುಹಿಡಿದಿದ್ದೇನೆ. ಆದರೂ ಕರಣೆ ಮುಟ್ಟಿದರೆ ಕೈ ಮೇಲೆ ಏಟು. ಅವತ್ತು ಎಲ್ಲಿಯ ದೇಶದವನೋ ಬಂದು ನನಗಾಗಿ ಕೇಳಿದ, ನಮ್ಮಪ್ಪ ಗೊಣಗುತ್ತಲೇ ಕರಣೆ ಕೊಟ್ಟ. ಮೊದಲ ಇಟ್ಟಿಗೆ ಕೂರಿಸಿದಾಗ ನನಗೆ ಅಳು ಬಂತು. ಗಾರೆಯ ಕೈಯಲ್ಲೇ ಕಣ್ಣು ಒರೆಸಿಕೊಂಡು ಉರಿ ಹತ್ತಿಸಿಕೊಂಡು ಎಲ್ಲರ ಕೈಲೂ ನಗಿಸಿಕೊಂಡೆ. ಲಿಬಾನನ ಋಣ ನನ್ನ ಮೇಲಿದೆ ಎಂದರೆ ಇದೇ.

ಆವಲಪ್ಪನವರ ಹೊಲದ ಮೂಲೆಯಲ್ಲಿ ಒಂದು ಪುಟ್ಟ ಗುಮ್ಮಟ ಕಟ್ಟಿ ನೋಡಿದೆವು. ಅವನ ಅಜ್ಜಿ ಬೇರು ಬಗ್ಗಿಸಿದ ಹಾಗೆ ನಾವು ಬಿದಿರ ದಬ್ಬೆ ಬಗ್ಗಿಸಿದೆವು, ಮೇಲೆ ಈಚಲು ಚಾಪೆ ಹೊದಿಸಿ, ಅದರ ಮೇಲೆ ಗಾರೆ ಹಾಕಿ ಇಟ್ಟಿಗೆ ಕೂರಿಸಿದೆವು. ಗಾರೆ ಗಟ್ಟಿಯಾದ ಮೇಲೆ ಬಿದಿರು ಚಾಪೆ ಬಿಚ್ಚಿದರೆ ಸೂರಿನ ತುಂಬ ಚಾಪೆಯ ಹೆಣಿಗೆ. ಲಿಬಾನ್ ಅದರ ಕೆಳಗೆ ಮಲಗಿ ಬಹಳ ಹೊತ್ತು ಎದ್ದೇಳಲಿಲ್ಲ. "ಅಜ್ಜಿ ಮನೆ" ಎಂದ.

ಎಲ್ಲವನ್ನೂ ಅವನು ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಸುಣ್ಣ ಎಷ್ಟು ದಿನ ಕೊಳೆಯಬೇಕು, ಅಳಲೆಕಾಯಿ ನೆನೆಸಿದ ನೀರು ಎಷ್ಟು, ಬೆಲ್ಲದ ನೀರು ಎಷ್ಟು, ರುಬ್ಬಿದ ಗಾರೆಯನ್ನು ಬೆರಳಲ್ಲಿ ಎಳೆದರೆ ಎಷ್ಟು ಉದ್ದ ಬರಬೇಕು. ಮರಳು ಬಂದಾಗ ನಮ್ಮಪ್ಪ ಮಾಡುವುದನ್ನೂ ಬರೆದುಕೊಂಡಿದ್ದ. ಮರಳಿನ ರಾಶಿ ಸುರಿದ ಕೂಡಲೇ ನಮ್ಮಪ್ಪ ಚಪ್ಪಲಿ ಬಿಡುತ್ತಾನೆ. ಕೈಮುಗಿದು, ಒಂದು ಚಿಟಿಕೆ ಮರಳು ತೆಗೆದು ತುಟಿಗೆ ಮುಟ್ಟಿಸಿ, ಆಮೇಲೆ ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತಾನೆ. ಭೂಮಿತಾಯಿಗೆ ನಮಸ್ಕಾರ ಎಂದು ನಾವೆಲ್ಲ ತಿಳಿದಿದ್ದೆವು. ಹಾಗೆ ಮಾಡುವಾಗ ಲಿಬಾನ್ ನಾಲ್ಕು ಹೆಜ್ಜೆ ಹಿಂದೆ ಸರಿದು ಆ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಅವನು ಐದು ಹೊತ್ತು ನಮಾಜು ಮಾಡುವ ಹುಡುಗ. ನಮ್ಮ ದೇವರಿಗೆ ಕೈಮುಗಿಯಲಾರ, ಹಾಗೆಂದು ನಮ್ಮ ಪೂಜೆಯನ್ನು ದಿಟ್ಟಿಸಿ ನೋಡುವುದೂ ಅವನಿಗೆ ಮರ್ಯಾದೆಯಲ್ಲ. ಅವನ ಒಳ್ಳೆಯತನ ನನಗೆ ಬಹಳ ಹಿಡಿಸಿತ್ತು. ನೋಟ್ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದ, ಮರಳು ಬಂದಾಗ ತಾತ ಪೂಜೆ ಮಾಡುತ್ತಾರೆ ಎಂದು.

ಮುಂದಿನ ವರ್ಷ ಓದು ಮುಗಿಸಿ ಹೊರಟಾಗ ನಮ್ಮಪ್ಪನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡ. "ನನ್ನ ಹತ್ರ ಇದ್ದಿದ್ದೆಲ್ಲ ನಿನಗೆ ಕೊಟ್ಟಿದ್ದೀನಿ ಕಣಪ್ಪ, ಲಿಬಾನಪ್ಪ" ಎಂದ ನಮ್ಮಪ್ಪ. ಆಮೇಲೆ ಫೋಟೋಗಳು ಬಂದವು. ಮೊದಲನೆಯದರಲ್ಲಿ ಪಾಯ, ಎರಡನೆಯದರಲ್ಲಿ ಎದೆಮಟ್ಟದ ಗೋಡೆ, ಮೂರನೆಯದು ನಮ್ಮಪ್ಪನ ಊಟ ಬಿಡಿಸಿದ್ದು.

ಅದು ಬಂದು ನಾಲ್ಕು ದಿನ ನಮ್ಮಪ್ಪ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಒಂದು ಸಲ ಮಾತ್ರ, ಇಟ್ಟಿಗೆಗೆ ನೀರು ಚಿಮುಕಿಸುತ್ತಿದ್ದವನು ತಲೆ ಎತ್ತದೆ ಕೇಳಿದ. "ಆ ಹುಡುಗನ ಊರಾಗೆ ಮಳೆ ಯಾವಾಗಂತೆ?"

"ಇದೇ ತಿಂಗಳ ಕೊನೇಲಿ ಶುರುವಂತೆ. ಯಾಕೆ?"

"ಸುಮ್ಕೆ ಕೇಳ್ದೆ."

ಸುಮ್ಮನೆ ಕೇಳುವ ಮನುಷ್ಯನಲ್ಲ ಅವನು.

ಬುಧವಾರ ಆವಲಪ್ಪನವರ ತೋಟದಲ್ಲಿ ಹೊಸ ಕೋಣೆಯ ಕೆಲಸಕ್ಕೆ ಒಂದು ಟ್ರ್ಯಾಕ್ಟರ್ ಮರಳು ಬಂತು. ನಮ್ಮಪ್ಪ ಎಂದಿನಂತೆ ಚಪ್ಪಲಿ ಬಿಟ್ಟು ಕೈಮುಗಿದ, ಚಿಟಿಕೆ ಮರಳು ತುಟಿಗೆ ಮುಟ್ಟಿಸಿದ, ಕಣ್ಣಿಗೆ ಒತ್ತಿಕೊಂಡ. ಆಮೇಲೆ ಟ್ರ್ಯಾಕ್ಟರಿನ ಮುನಿನಾರಾಯಣಪ್ಪನಿಗೆ, "ತುಂಬ್ಕೊಂಡು ಹೋಗು, ಬ್ಯಾಡ" ಎಂದ.

"ಯಾಕಣ್ಣ? ಎಷ್ಟು ಸಣ್ಣಕ್ಕೈತೆ ನೋಡು, ಒಂದು ಕಲ್ಲಿಲ್ಲ."

"ಚೌಳು ಐತೆ. ಎಲ್ಲಿಂದ ತಂದ್ಯೋ ಅಲ್ಲೇ ಹಾಕು."

ನೋಡಿದರೆ ಚೌಳೆಂದು ಗೊತ್ತಾಗುವ ಮರಳಲ್ಲ ಅದು. ನಾನು ನೋಡುತ್ತಲೇ ಇದ್ದೆ. ನಮ್ಮಪ್ಪ ಬೇಲಿಯ ಕಡೆ ತಿರುಗಿ ಉಗುಳಿದ. ನಮಸ್ಕಾರ ಮಾಡಿದ ಮೇಲೆ ಯಾರಾದರೂ ಉಗುಳುತ್ತಾರೆಯೇ? ಹದಿನೆಂಟು ವರ್ಷದಲ್ಲಿ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಎಂದರೆ ನನಗಿಂತ ದಡ್ಡಿ ಈ ತಾಲ್ಲೂಕಿನಲ್ಲಿ ಇನ್ನೊಬ್ಬಳಿಲ್ಲ. ನಾನು ಹೋಗಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಉಪ್ಪುಪ್ಪಾಗಿ, ನಾಲಿಗೆಯ ಬುಡದಲ್ಲಿ ಕಹಿ.

ನಮ್ಮಪ್ಪ ನನ್ನನ್ನೇ ನೋಡುತ್ತಿದ್ದ.

"ಇದು ಪೂಜೆ ಅಲ್ಲ" ಎಂದೆ.

ಅವನು ಬಗ್ಗಿ ಚಪ್ಪಲಿ ಮೆಟ್ಟಿಕೊಂಡ.

"ಅಪ್ಪ, ಅವನಿರೋದು ಸಮುದ್ರದ ದಂಡೆ ಮೇಲೆ!"

ಮುನಿನಾರಾಯಣಪ್ಪ ಟ್ರ್ಯಾಕ್ಟರ್ ತಿರುಗಿಸಿಕೊಂಡು ಹೋದ ಮೇಲೆ ನಮ್ಮಪ್ಪ ಇಟ್ಟಿಗೆ ರಾಶಿಯ ಮೇಲೆ ಕುಳಿತು ಹೇಳಿದ. "ಗರಡಿ ಉಸ್ತಾದಂದಿರು ಎಲ್ಲ ಪಟ್ಟೂ ಹೇಳ್ಕೊಡಲ್ಲಮ್ಮ. ಒಂದು ಇಟ್ಕೊಂತಾರೆ. ಇಲ್ದಿದ್ರೆ ಶಿಷ್ಯ ಒಂದಿನ ಉಸ್ತಾದನ್ನೇ ಎತ್ತಿ ಹಾಕ್ತಾನೆ. ನನ್ನ ಶಿಷ್ಯ ವೆಂಕಟರಾಯಪ್ಪನಿಗೆ ಎಲ್ಲಾನೂ ಹೇಳ್ಕೊಟ್ಟೆ. ಏನ್ ಮಾಡ್ದ? ನನ್ನ ದೇವಸ್ಥಾನದ ಕೆಲಸ ಕಿತ್ಕೊಂಡು, ಕೂಲಿಗೆ ಬಾ ಕೋನಣ್ಣ ಅಂತ ನನ್ನನ್ನೇ ಕರೆದ. ಅವತ್ತೇ ಆಣೆ ಇಟ್ಕೊಂಡೆ. ಒಂದು ಮಾತ್ರ ಯಾರಿಗೂ ಕೊಡಲ್ಲ ಅಂತ."

"ನಂಗೂ?"

"ನಿಂಗೂ."

ಬೇರೆ ದಿನವಾಗಿದ್ದರೆ ಆ ಒಂದು ಮಾತಿಗೇ ಬಾಂಡ್ಲಿ ಎಸೆದು ಹೋಗುತ್ತಿದ್ದೆ. ಅವತ್ತು ನನ್ನ ನೋವಿಗೆ ಪುರುಸೊತ್ತಿರಲಿಲ್ಲ.

"ಲಿಬಾನ್ ಮಕ ತಿರುಗಿಸ್ಕೊಂಡಿದ್ದು ನೀನು ನೋಡ್ದೆ ತಾನೆ?"

"ನೋಡ್ದೆ. ಪಾಪ, ಪೂಜೆ ಅಂದ್ಕೊಂಡಿದ್ದ." ಎರಡೂ ಕೈಯಿಂದ ಮುಖ ಒರೆಸಿಕೊಂಡ. "ಒಂದಿನ ಹೇಳ್ಬಿಡೋಣ ಅನ್ನಿಸ್ತು. ಅಷ್ಟರಾಗೆ ಬೇರೆ ಏನೋ ಕೇಳ್ದ. ಪೋನೀ ಬಿಡು, ಓದ್ದೋನು, ಅವನಿಗೆ ಗೊತ್ತಿರ್ತದೆ ಅಂದ್ಕೊಂಡೆ."

"ಗೊತ್ತಿದ್ರೆ ಆ ಬಿಳಿ ಯಾಕೆ ಬಂತು? ಆ ಗುಮ್ಮಟ ನಿಲ್ತದಾ?"

"ಬಿಸಿಲಿರೋ ಗಂಟ ನಿಲ್ತದೆ."

"ಮಳೆ ಬಂದ್ರೆ?"

"ಆ ಬಿಳಿ ಎಲ್ಲ ಉಪ್ಪು. ಅದು ನೀರು ಕುಡೀತಾ ಹೋಗ್ತದೆ. ಒಳಗೊಳಗೇ ಗಾರೆ ಹಿಟ್ಟಾಗ್ತದೆ. ಮೇಲೆ ನೋಡಿದ್ರೆ ಒಂದು ಬಿರುಕೂ ಇರಲ್ಲ. ಬೀಳೋವಾಗ ಸದ್ದು ಕೂಡ ಮಾಡಲ್ಲ ಅದು. ಒಳಗಿರೋರಿಗೆ ಓಡಕ್ಕಾಗಲ್ಲ."

ಆ ಎಪ್ಪತ್ತು ಹುಡುಗಿಯರನ್ನು ನಾನು ನೋಡಿದವಳಲ್ಲ. ಆದರೂ ಎದ್ದು ಅಪ್ಪನ ತೋಳು ಹಿಡಿದೆ. "ನಡಿ, ಶಿಡ್ಲಘಟ್ಟಕ್ಕೆ ಹೋಗಿ ಫೋನ್ ಮಾಡಣ" ಎಂದೆ.

"ನಾನ್ ಬರಲ್ಲ. ಮುಚ್ಚಿಟ್ಟೋನು ಅಂತ ನನ್ನ ಬಾಯಿಂದ ಹೇಳಕ್ಕಾಗಲ್ಲ. ನನ್ನ ಕೈನ ಹಣೆಗೆ ಒತ್ಕೊಂಡು ಹೋದೋನು ಅವನು" ಎಂದು ಅಲ್ಲೇ ಕೂತ.

ನಾನು ಗಾರೆ ಮೆತ್ತಿದ ಸೀರೆಯಲ್ಲೇ ಬಸ್ ಹತ್ತಿದೆ. ಚಲಪತಿಯ ಅಂಗಡಿಯಲ್ಲಿ ಐದು ಸಲ ಪ್ರಯತ್ನಿಸಿದ ಮೇಲೆ ಫೋನು ಹತ್ತಿತು. ಲಿಬಾನನ ದನಿ ಪಕ್ಕದ ಬೀದಿಯಿಂದ ಬಂದಷ್ಟು ಹತ್ತಿರ ಕೇಳಿಸಿತು. ನಾನು ಅಪ್ಪ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಒದರಿದೆ.

"ಅದು ಪೂಜೆ ಅಲ್ಲಪ್ಪ ಲಿಬಾನ್. ನಮ್ಮಪ್ಪ ಮರಳಿನ ರುಚಿ ನೋಡ್ತಿದ್ದಿದ್ದು. ನೀನು ಯಾವ ಮರಳು ಹಾಕಿದ್ದೀಯ?"

ಅವನು ತಡೆತಡೆದು ಹೇಳಿದ. ಒಳ್ಳೆಯ ಮರಳು ಒಳನಾಡಿನ ನದಿಯಲ್ಲಿದೆಯಂತೆ. ಆದರೆ ಆ ದಾರಿಯಲ್ಲಿ ಮೂರು ಕಡೆ ಬಂದೂಕಿನವರು ಅಡ್ಡ ಹಗ್ಗ ಕಟ್ಟಿ ಕೂತಿದ್ದಾರೆ, ಹೋದ ಲಾರಿ ವಾಪಸ್ ಬರುವುದಿಲ್ಲ, ಒಂದೊಂದು ಸಲ ಡ್ರೈವರೂ ಬರುವುದಿಲ್ಲ. ಅದಕ್ಕೇ ಸಮುದ್ರದ ಪಕ್ಕದ ದಿಬ್ಬದಿಂದ ಹೆಂಗಸರೇ ಹೊತ್ತು ತಂದರು. "ಸಮುದ್ರದ ಮರಳು ಕಬ್ಬಿಣ ತಿಂತದೆ ಅಂತ ಕಾಲೇಜಲ್ಲಿ ಹೇಳ್ಕೊಟ್ಟಿದ್ರು ಅಕ್ಕ. ನಮ್ಮ ಗುಮ್ಮಟದಲ್ಲಿ ಕಬ್ಬಿಣನೇ ಇಲ್ವಲ್ಲ, ಏನಾಗ್ತದೆ ಅಂತ..."

"ಈಗ ಗೋಡೆ ಕೆರೆದು ಬಾಯಿಗೆ ಹಾಕ್ಕೊಂಡು ನೋಡು."

ಫೋನ್ ಹಿಡಿದುಕೊಂಡೇ ಹೋದ. ನಾನು ಗಡಿಯಾರ ನೋಡುತ್ತಾ ನಿಂತೆ. ವಾಪಸ್ ಬಂದವನು, "ಕೆರೀಬೇಕಾಗಿರ್ಲಿಲ್ಲ. ಬೆರಳು ಇಟ್ಟರೇನೇ ಪುಡಿ ಬರ್ತದೆ, ಬರೀ ಉಪ್ಪು" ಎಂದ.

ಗುಮ್ಮಟ ಕೆಡವುವುದೊಂದೇ ದಾರಿ ಎಂದು ಅವನಿಗೆ ನಾನು ಹೇಳಬೇಕಾಗಲಿಲ್ಲ. ಅವನ ದೇಶದಲ್ಲಿ ಹದಿನೈದು ವರ್ಷ ಮನೆಗಳು ಬೀಳುವುದನ್ನೇ ನೋಡಿದ್ದ ಹೆಂಗಸರು ಮೊದಲ ಸಲ ಎಬ್ಬಿಸಿ ನಿಲ್ಲಿಸಿದ ಸೂರು. ಅದನ್ನು ಅವರ ಕೈಯಲ್ಲೇ ಬೀಳಿಸಬೇಕು. "ಮಾತಾಡ್ತೀನಿ" ಎಂದು ಫೋನ್ ಇಟ್ಟ.

ಮಾರನೆಯ ದಿನ ನಾನೇ ಮತ್ತೆ ಹೋಗಿ ಫೋನ್ ಮಾಡಿದೆ. ಲಿಬಾನ್ ಕೂಡಲೇ ಎತ್ತಿಕೊಂಡ.

"ಅವರು ಒಪ್ತಾ ಇಲ್ಲ ಅಕ್ಕ. ಆರು ತಿಂಗಳು ತಲೆ ಮೇಲೆ ಹೊತ್ತು ಕಟ್ಟಿದ್ದು, ಎಲ್ಲಿಂದಲೋ ಯಾರೋ ಫೋನ್ ಮಾಡಿದ್ರೆ ಕೆಡವಲ್ಲ ಅಂತಾರೆ. ನಮ್ಮಮ್ಮ ಬೆಳಿಗ್ಗೆ ಚಾಪೆ ತಗೊಂಡು ಹೋಗಿ ಗುಮ್ಮಟದ ಒಳಗೆ ಕೂತುಬಿಟ್ಟಿದ್ದಾರೆ. ಹದಿನೈದು ವರ್ಷದಿಂದ ಗಂಡಸರು ಮನೆ ಬಿಡು ಅಂತಾನೇ ಇದ್ದಾರೆ, ಇನ್ನು ಈ ಮನೆ ಬಿಡಲ್ಲ, ಕೆಡವೋದಾದ್ರೆ ನನ್ನ ಮೇಲೇ ಕೆಡವು ಅಂತಾರೆ."

"ನಾನು ಹೇಳ್ಲಾ? ನಾನೂ ಕರಣೆ ಹಿಡ್ದೋಳು ಅನ್ನು."

"ಹೇಳಿದೆ. ಅವಳು ಕಲಿಯೋಳು, ಕಲಿಸಿದೋನು ಬಂದು ಹೇಳ್ಲಿ ಅಂದ್ರು. ಅಕ್ಕ, ಸಮುದ್ರದ ಕಡೆ ಮೋಡ ಕಪ್ಪಗೈತೆ."

ಊರಿಗೆ ಬಂದಾಗ ನಮ್ಮಪ್ಪ ಜಗಲಿಯ ಮೇಲೆ ಕೂತಿದ್ದ. ನಾನು ಎದುರಿಗೆ ನಿಂತು ನಡೆದದ್ದನ್ನು ಹೇಳಿದೆ. ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಬಂದಿದ್ದೆ. ಅವನ ಮುಖ ನೋಡಿ ಅದನ್ನೆಲ್ಲ ಬಿಟ್ಟೆ. "ಅವರಮ್ಮ ಒಳಗೆ ಕೂತವ್ಳೆ, ಅಪ್ಪ" ಎಂದಷ್ಟೇ ಮತ್ತೊಂದು ಸಲ ಅಂದೆ.

ಬೆಳಿಗ್ಗೆ ನಾನು ಏಳುವ ಮೊದಲೇ ಅವನು ಮಿಂದು, ಒಗೆದ ಪಂಚೆ ಉಟ್ಟು, ಬಸ್ ನಿಲ್ದಾಣದಲ್ಲಿ ನಿಂತಿದ್ದ. ಇಬ್ಬರೂ ಶಿಡ್ಲಘಟ್ಟದ ಬಸ್ ಹತ್ತಿದೆವು. ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಹೋಗುವವರು ಬಸ್ಸಿನ ತುಂಬ ಚೀಲ ಒಟ್ಟಿದ್ದರು. ಯಾರೋ ಗುರುತಿನವರು, "ಏನ್ ಕೋನಣ್ಣ, ಮದುವೆಗಾ?" ಎಂದು ತಮಾಷೆ ಮಾಡಿದರು. ಅವನು ಕಿಟಕಿಯ ಕಡೆ ತಿರುಗಿಕೊಂಡ.

ಚಲಪತಿ ನಮಗಾಗಿಯೇ ಕಾಯುತ್ತಿದ್ದ. ಫೋನು ಹತ್ತಿದ ಕೂಡಲೇ ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಗುಂಡಿ ಒತ್ತಿದ. ಮೊದಲು ಕೇಳಿಸಿದ್ದು ಸೋ ಎನ್ನುವ ಸದ್ದು. ಫೋನಿನ ಗರಗರ ಎಂದುಕೊಂಡೆ.

"ಮಳೆ" ಎಂದ ಲಿಬಾನ್. "ಬೆಳಗಿನ ಜಾವ ಶುರುವಾಯ್ತು. ಅಮ್ಮ ಇನ್ನೂ ಒಳಗೇ ಇದ್ದಾರೆ. ನಾನು ಬಾಗಿಲಲ್ಲಿ ನಿಂತಿದ್ದೀನಿ. ಎತ್ಕೊಂಡು ಬರಕ್ಕೆ ಹೋದ್ರೆ ಹೆಂಗಸರು ಬಿಡ್ತಾ ಇಲ್ಲ."

ನಮ್ಮಪ್ಪ ಫೋನಿನ ಹತ್ತಿರ ಬಗ್ಗಿದ. ನಾನು ಅವನ ಬೆನ್ನ ಮೇಲೆ ಕೈಯಿಟ್ಟೆ.

"ಗೋಡೆ ಮುಟ್ಟಿ ನೋಡಪ್ಪ. ಬೆವರ್ತೈತಾ?" ಎಂದು ಕೇಳಿದ.

"ಬೆವರ್ತಾ ಐತೆ ತಾತ. ಸೂರಿಂದ ಪುಡಿ ಉದುರ್ತಾ ಐತೆ. ಅಮ್ಮನ ಮುಸುಕೆಲ್ಲ ಬೆಳ್ಳಗಾಗಿದೆ."

ನಮ್ಮಪ್ಪ ಕಣ್ಣು ಮುಚ್ಚಿಕೊಂಡ. ಆ ಕಡೆ ಒಬ್ಬ ಹೆಂಗಸಿನ ದನಿ ಕೇಳಿಸಿತು. ಜೋರಿಲ್ಲ, ಅಳುವೂ ಇಲ್ಲ, ನಿಧಾನವಾಗಿ ಏನೋ ಕೇಳುತ್ತಿತ್ತು. ಲಿಬಾನ್ ಅದನ್ನು ಕನ್ನಡದಲ್ಲಿ ಹೇಳಿದ.

"ತಾತ, ಅಮ್ಮ ಕೇಳ್ತಾರೆ. ನೀವೇ ಕಲಿಸಿದೋರಾ? ಹಾಗಾದ್ರೆ ಹೇಳಿ, ಈ ಸೂರಿನ ಕೆಳಗೆ ನಿಮ್ಮ ಮಗಳನ್ನ ಕೂರಿಸ್ತೀರಾ?"

ನಮ್ಮಪ್ಪ ತಿರುಗಿ ನನ್ನನ್ನು ನೋಡಿದ. ಅಂಗಡಿಯಲ್ಲಿ ಫೋನಿಗಾಗಿ ಕಾಯುತ್ತಿದ್ದ ಮೂರು ನಾಲ್ಕು ಜನವೂ ಅವನ ಕಡೆ ತಿರುಗಿದರು.

"ಇಲ್ಲ ತಾಯಿ. ಕೂರಿಸಲ್ಲ" ಎಂದ. ದೂರದವರಿಗೆ ಕೇಳಲೆಂದು ಕೂಗಿಯೇ ಹೇಳಿದ. "ನಿನ್ನ ಮಗಂದು ತಪ್ಪಿಲ್ಲಮ್ಮ. ಹೇಳ್ಕೊಡಬೇಕಾದ್ದನ್ನ ನಾನು ಮುಚ್ಚಿಟ್ಟೆ. ಹೊಟ್ಟೆಕಿಚ್ಚಿನ ಮುದುಕ ನಾನು, ನನ್ನ ಮಗಳಿಗೂ ಹೇಳ್ಕೊಟ್ಟಿಲ್ಲ. ನಿನ್ನ ಕಾಲಿಗೆ ಬೀಳ್ತೀನಿ, ಎದ್ದು ಈಚೆ ಬಾರಮ್ಮ!"

ಲಿಬಾನ್ ಅದನ್ನು ಅವಳಿಗೆ ಹೇಳಿದ. ಆಮೇಲೆ ಮಳೆಯ ಸದ್ದೊಂದೇ. ನಮ್ಮಪ್ಪ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ನಾನು ಸಾದಲಮ್ಮನಿಗೆ ಹರಕೆ ಹೊತ್ತೆ. ಅಲ್ಲಾನಿಗೂ ಹೊತ್ತೆ.

"ಬಂದ್ರು" ಎಂದ ಲಿಬಾನ್. "ಹೊರಗೆ ಬಂದ್ರು ತಾತ. ಚಾಪೆ ಸುತ್ಕೊಂಡು ಬಂದ್ರು."

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನಮ್ಮಪ್ಪ ಮಾತ್ರ ಕದಲಲಿಲ್ಲ. "ಹೆಂಗಸರು, ಮಕ್ಕಳು, ಎಲ್ಲಾರ್ನೂ ಎಣಿಸು. ಒಂದು ಆಡು ಕೋಳಿ ಕೂಡ ಒಳಗಿರಬಾರ್ದು. ನೆತ್ತಿ ಮೇಲೆ ಬೆಳಕಿನ ಕಿಂಡಿ ಬಿಟ್ಟಿದ್ದೀಯಲ್ಲ, ಅದರ ಅಂಚಿಗೆ ದೂರದಿಂದ ಹಗ್ಗ ಬಿಗಿಸು. ಈಗಲೇ ಎಳೀರಿ. ನಾಳೆಗೆ ಇಡಬ್ಯಾಡ" ಎಂದ.

ಅರ್ಧ ಗಂಟೆ ಕಾದೆವು. ಫೋನ್ ಇಡಲು ಯಾರೂ ಹೇಳಲಿಲ್ಲ, ಚಲಪತಿ ಬಾಗಿಲಿಗೆ ಅಡ್ಡ ನಿಂತು ಬಂದವರನ್ನೆಲ್ಲ ವಾಪಸ್ ಕಳಿಸಿದ. ಹೆಂಗಸರು ಒಟ್ಟಿಗೆ ಕೂಗುವುದು ಕೇಳಿಸಿತು. ಅದಾದ ಮೇಲೆ ಎತ್ತರದಿಂದ ಹಿಟ್ಟಿನ ಮೂಟೆ ಬಿದ್ದಂಥ ಮೆತ್ತನೆಯ ಸದ್ದು. ಅಷ್ಟೇ.

"ಎಷ್ಟು ಸಲ ಎಳೆದ್ರಿ?" ಎಂದು ಕೇಳಿದ ನಮ್ಮಪ್ಪ.

"ಹಗ್ಗ ಬಿಗಿಯೋಷ್ಟರಲ್ಲೇ ಬಂತು" ಎಂದ ಲಿಬಾನ್. ಅವನು ಅಳುತ್ತಿದ್ದ. ಅವನ ಹಿಂದೆ ಎಷ್ಟೋ ಜನ ಹೆಂಗಸರು ಅಳುತ್ತಿದ್ದರು.

ನಮ್ಮಪ್ಪ ಹೆಗಲ ಮೇಲಿನ ಟವೆಲಿನಲ್ಲಿ ಮುಖ ಒರೆಸಿಕೊಂಡ. ಅರವತ್ತೆಂಟು ವರ್ಷದ ಮನುಷ್ಯ, ಒಂದು ಬೆಳಿಗ್ಗೆಯಲ್ಲಿ ಎಂಬತ್ತರವನ ಹಾಗೆ ಕಾಣುತ್ತಿದ್ದ. ನನಗೆ ಅವನ ಮೇಲೆ ಸಿಟ್ಟೂ ಇತ್ತು, ಇಷ್ಟು ಜನರೆದುರು ಹೇಳಿದನಲ್ಲ ಎಂದು ಹೆಮ್ಮೆಯೂ ಇತ್ತು. ಆಯಿತು, ಮನೆಗೆ ಕರೆದುಕೊಂಡು ಹೋಗಿ ಒಂದು ತುತ್ತು ತಿನ್ನಿಸೋಣ ಎಂದು ಎದ್ದೆ.

ಆಗ ಮತ್ತೆ ಆ ತಾಯಿಯ ದನಿ ಬಂತು. ಈ ಸಲ ಜೋರಾಗಿ, ಫೋನಿನ ಪಕ್ಕದಲ್ಲೇ. ಲಿಬಾನ್ ಕೂಡಲೇ ಕನ್ನಡದಲ್ಲಿ ಹೇಳಲಿಲ್ಲ.

"ಏನಂತಾರಪ್ಪ ಅಮ್ಮ?" ಎಂದೆ.

"ಮತ್ತೆ ಕಟ್ತೀವಿ ಅಂತಾರೆ ಅಕ್ಕ. ಗೋಡೆನೂ ಕಿತ್ತು ಪಾಯದಿಂದ. ನದಿ ಮರಳಿಗೆ ಹೆಂಗಸರೇ ಹೋಗ್ತಾರಂತೆ, ಬಂದೂಕಿನವರ ಮುಂದೆನೇ. ಎಷ್ಟು ಜನ ವಾಪಸ್ ಬರ್ತಾರೋ ಗೊತ್ತಿಲ್ಲ, ಅದಕ್ಕೇ ಹೋಗೋ ಮೊದಲು ಒಂದು ಮಾತು ಕೇಳು ಅಂತಾರೆ. ತಾತ, ಇನ್ನೇನಾದ್ರೂ ಮುಚ್ಚಿಟ್ಟಿದ್ದೀರಾ?"

ನನಗೆ ರೇಗಿತು. ಇಷ್ಟಾದ ಮೇಲೂ ಒಬ್ಬ ಮುದುಕನನ್ನು ಹೀಗೆ ಕೇಳುವುದೇ? ಇಲ್ಲ ಎನ್ನಲು ನಾನೇ ಬಾಯಿ ತೆರೆದೆ. ನಮ್ಮಪ್ಪ ಕೈ ಅಡ್ಡ ಹಿಡಿದು ನನ್ನನ್ನು ಸುಮ್ಮನಿರಿಸಿದ.

"ಇನ್ನೂ ಎರಡು ಐತಮ್ಮ" ಎಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ. "ಬರ್ಕೊಳ್ಳಪ್ಪ ಲಿಬಾನಪ್ಪ."

ನಾನು ಚಲಪತಿಯ ಕೈಯಿಂದ ಪೆನ್ನು ಕಿತ್ತುಕೊಂಡು, ಸಿಕ್ಕ ಕಾಗದ ಮುಂದೆ ಎಳೆದುಕೊಂಡು, ಬರೆದುಕೊಳ್ಳಲು ಕುಳಿತೆ.